ಸಿದ್ರಾಮನ ಚಡ್ಡಿಗೆ ಹೊಲಿದ ಹತ್ತಿ

ಮೊನ್ನೆ ಕೋಟೆಯ ಕಂದಕದ ಪಕ್ಕದ ಓಣಿಯಲ್ಲಿ ಮೊಮ್ಮಗಳ ಕೈ ಹಿಡಿದು ಬರುತ್ತಿದ್ದೆ. ಮಳೆ ಆಗಷ್ಟೇ ನಿಂತಿತ್ತು. ಕುಸ್ತಿ ಕಲಿಸುವ ಹಳೆಯ ತಾಲೀಮಿನ ಬಾಗಿಲು ಅರ್ಧ ತೆರೆದಿತ್ತು. ಒಳಗಿನಿಂದ ಕೆಂಪು ಮಣ್ಣಿನ ವಾಸನೆ ಬಂತು. ಹೊಲದ ಮಣ್ಣಿಗೆ ಆ ವಾಸನೆ ಇರುವುದಿಲ್ಲ. ಎಣ್ಣೆ, ಅರಿಶಿಣ, ಮಜ್ಜಿಗೆ ಕುಡಿಸಿ ಕುಡಿಸಿ ಹದ ಮಾಡಿದ ಅಖಾಡದ ಮಣ್ಣು ಅದು. ನಾನು ನಿಂತುಬಿಟ್ಟೆ. "ಯಾಕ ನಿಂತಿ ಆಯಿ?" ಎಂದಳು ಮೊಮ್ಮಗಳು. "ಮೊಣಕಾಲು ನೋಯ್ತಾವ" ಎಂದೆ. ಈ ವಯಸ್ಸಿನಲ್ಲಿ ಮೊಣಕಾಲಿನ ಮೇಲೆ ಎಷ್ಟು ಸುಳ್ಳು ಹೊರಿಸಿದರೂ ಯಾರೂ ಮರುಪ್ರಶ್ನೆ ಕೇಳುವುದಿಲ್ಲ.

ಆ ಬಾಗಿಲೊಳಗೆ ನಾನು ಜೀವಮಾನದಲ್ಲಿ ಒಮ್ಮೆಯೂ ಕಾಲಿಟ್ಟಿಲ್ಲ. ಹೆಂಗಸರು ಹೋಗುವ ಜಾಗವಲ್ಲ. ಆದರೆ ಒಂದು ಮಳೆಗಾಲವಿಡೀ ನನ್ನ ಜೀವ ಅದರೊಳಗೇ ಇತ್ತು. ನನ್ನ ತಮ್ಮ ಸಿದ್ರಾಮನ ಎಡತೊಡೆಯ ಹಿಂದೆ ಇದ್ದ ಒಂದು ಗಂಟಿಗೆ ಯಾರ ಪೆಟ್ಟೂ ಬೀಳದಿರಲಿ ಎಂದು ಹೊತ್ತು ಮೂಡಿದಾಗಿನಿಂದ ಮುಳುಗುವ ತನಕ ಬೇಡಿಕೊಳ್ಳುತ್ತಿದ್ದೆ.

ನಿಜಾಮರ ಆಳ್ವಿಕೆಯ ಕಾಲ. ತವರು ಕಮಲಾಪುರ. ನನ್ನನ್ನು ಕೊಟ್ಟದ್ದು ಗುಲಬರ್ಗಾಕ್ಕೆ, ಸ್ಟೇಶನ್ ಬಜಾರದಲ್ಲಿ ಬಟ್ಟೆ ಅಂಗಡಿ ಇಟ್ಟವರ ಮನೆಗೆ. ನಮ್ಮವ್ವನ ಮೈಮೇಲೆ ಬೆಲ್ಲದ ಬಣ್ಣದ ಮಚ್ಚೆಗಳಿದ್ದವು, ಬೆನ್ನ ತುಂಬ ಮೆತ್ತನ್ನ ಗಂಟುಗಳಿದ್ದವು. ಅವಳಿಂದ ನನಗೆ ಬಂದದ್ದು ಚೂಪು ಮೂಗು, ಅದಕ್ಕಿಂತ ಚೂಪಾದ ನಾಲಿಗೆ. ಮಚ್ಚೆ, ಗಂಟು ಎರಡೂ ಸಿದ್ರಾಮನ ಪಾಲಿಗೆ ಹೋದವು. ಮಚ್ಚೆಗಳು ಹುಟ್ಟಿದಾಗಿನಿಂದ ಇದ್ದವು. ಮೀಸೆ ಚಿಗುರುವ ಹೊತ್ತಿಗೆ ಗಂಟುಗಳು ಎದ್ದವು, ಹೊಟ್ಟೆಯ ಮೇಲೆ, ತೋಳಿನ ಮೇಲೆ, ಕಡಲೆಕಾಳಿನಷ್ಟು ಒಂದೊಂದು. ನೋವಿಲ್ಲ, ಕೀವಿಲ್ಲ. ಆದರೆ ಊರಿನವರಿಗೆ ಅಂಥದರ ಮೇಲೇ ಅನುಮಾನ ಜಾಸ್ತಿ. ಕ್ಷೌರದ ಈರಪ್ಪ ಅವನಿಗೆಂದೇ ಬೇರೆ ಕತ್ತಿ ಇಟ್ಟಿದ್ದ, ಅದನ್ನೂ ದೂರದಿಂದಲೇ ಆಡಿಸುತ್ತಿದ್ದ. ಸಿದ್ರಾಮ ಈಜಲು ಬಾವಿಗಿಳಿದರೆ ಉಳಿದ ಹುಡುಗರು ಒಬ್ಬೊಬ್ಬರೇ ಮೆಟ್ಟಿಲು ಹತ್ತಿ ಬರುತ್ತಿದ್ದರು. ಯಾರೂ ಬೈದವರಲ್ಲ. ಮಾತಾಡಿಸುತ್ತಿದ್ದರು, ನಗುತ್ತಿದ್ದರು, ಮುಟ್ಟುತ್ತಿರಲಿಲ್ಲ ಅಷ್ಟೇ.

ಅವ್ವ ತೀರಿಕೊಂಡ ಮೇಲೆ ದೀಪಾವಳಿಯ ಎಣ್ಣೆ ಸ್ನಾನಕ್ಕೆ ಅವನ ಮೈಗೆ ಎಣ್ಣೆ ಹಚ್ಚುವುದು ನನ್ನ ಕೆಲಸವಾಯಿತು. ಹಾಗೆ ಹಚ್ಚುವಾಗಲೇ ಒಂದು ವರ್ಷ ಎಡತೊಡೆಯ ಹಿಂದೆ, ಮೊಣಕಾಲಿಗಿಂತ ಒಂದು ಗೇಣು ಮೇಲೆ, ಆಳದಲ್ಲಿ ಹುದುಗಿದ್ದ ದೊಡ್ಡ ಗಂಟೊಂದು ಬೆರಳಿಗೆ ಸಿಕ್ಕಿತು. ಏನೆಂದು ನೋಡಲು ಒತ್ತಿದೆ. ಸಿದ್ರಾಮ ಚೇಳು ಕಡಿದವನಂತೆ ಚೀರಿ ಎದ್ದು ಕುಳಿತ. "ಪಾದದ ಮಟ ಬೆಂಕಿ ಹರೀತು ಅಕ್ಕ" ಎಂದ. ಅಂದಿನಿಂದ ಪ್ರತಿ ದೀಪಾವಳಿಗೂ ನನ್ನ ಕೈ ಆ ಜಾಗವನ್ನು ಬಳಸಿಕೊಂಡು ಹೋಗುತ್ತಿತ್ತು. ಅವನ ಮೈಯಲ್ಲಿ ಎಲ್ಲಿ ಮುಟ್ಟಬಹುದು, ಎಲ್ಲಿ ಕೂಡದು ಎನ್ನುವುದು ಲೋಕದಲ್ಲಿ ನನ್ನೊಬ್ಬಳಿಗೇ ಗೊತ್ತಿತ್ತು.

ಆ ವರ್ಷ ಯುಗಾದಿಯಾದ ಮೇಲೆ ಅಪ್ಪ ಅವನನ್ನು ನಮ್ಮ ಅಂಗಡಿಯ ಕೆಲಸ ಕಲಿಯಲೆಂದು ಗುಲಬರ್ಗಾಕ್ಕೆ ಕಳಿಸಿದ. ಹತ್ತೊಂಬತ್ತು ವರ್ಷದವನು, ನನಗಿಂತ ಮೂರು ವರ್ಷ ಸಣ್ಣವ. ನಾನು ಹಟ ಹಿಡಿದು ನಮ್ಮನೆಯವರ ಜೊತೆ ಅವನನ್ನು ಸರಕಾರಿ ದವಾಖಾನೆಗೆ ಕರೆದುಕೊಂಡು ಹೋದೆ. ಡಾಕ್ಟರ ಸಾಹೇಬರು ಹೈದರಾಬಾದಿನಿಂದ ಬಂದವರು, ನಿಧಾನದ ಮನುಷ್ಯ. ಅಂಗಿ ಬಿಚ್ಚಿಸಿ ಒಂದೊಂದು ಮಚ್ಚೆಯನ್ನೂ ನೋಡಿದರು. ನಾನು ಬಾಗಿಲ ಮರೆಯಲ್ಲಿ ನಿಂತಿದ್ದೆ. ಅವರು ಉರ್ದುವಿನಲ್ಲಿ ಹೇಳಿದ್ದನ್ನು ನಮ್ಮನೆಯವರು ಹೊರಗೆ ಬಂದು ಕನ್ನಡದಲ್ಲಿ ಹೇಳಿದರು.

"ಇದಕ್ಕ ಅವರ ಪುಸ್ತಕದಾಗ ಹೆಸರದಂತ, ಔಷಧ ಇಲ್ಲಂತ. ಯಾರಿಗೂ ಹತ್ತೂದಿಲ್ಲ, ಹೆದರಬ್ಯಾಡ್ರಿ ಅಂದ್ರು. ದಿನಾ ನಡೀಲಿ, ಈಜಲಿ, ಸುಮ್ಮ ಕುಂತ್ರ ಮೈ ಬಿಗೀತದ. ಆದರ ಪೆಟ್ಟು ಬೀಳೂ ಆಟ ಬ್ಯಾಡ. ತೊಡಿ ಹಿಂದಿನ ಗಂಟು ನರದ ಮ್ಯಾಲೇ ಕುಂತದ. ಅದನ್ನ ಯಾರೂ ಒತ್ತಬಾರದು, ತಿಕ್ಕಬಾರದು. ಕಾಲು ಜೋಮು ಹಿಡೀತಂದ್ರ ಅಲ್ಲೇ ನಿಲ್ಲಿಸಿ ನನ್ನ ಕಡೆ ಬರ್ರಿ ಅಂದಾರ."

ಔಷಧ ಇಲ್ಲ ಎಂಬ ಮಾತಿಗೆ ಅಳಬೇಕಿತ್ತು. ನನಗೆ ಹಿಗ್ಗಾಯಿತು. ಮಾಡಬೇಕಾದ್ದು ಇಷ್ಟು, ಮಾಡಬಾರದ್ದು ಇಷ್ಟು ಎಂದು ಯಾರೋ ತಿಳಿದವರು ಹೇಳಿದ್ದೇ ದೊಡ್ಡದಾಗಿ ಕಂಡಿತು. ಮಾರನೆಯ ದಿನದಿಂದಲೇ ಸಿದ್ರಾಮನನ್ನು ಬೆಳಗಿನ ಜಾವ ಎಬ್ಬಿಸಿ ಹೊರಗೆ ಅಟ್ಟತೊಡಗಿದೆ. ಮನೆಯಿಂದ ಕೋಟೆ, ಕೋಟೆಯೊಳಗೆ ಹೊಕ್ಕು ದೊಡ್ಡ ಮಸೀದಿಯ ತನಕ, ಅಲ್ಲಿಂದ ಹಿಂದಕ್ಕೆ. "ನಿಮ್ಮಕ್ಕ ತಹಶೀಲ್ದಾರ ಆಗಬೇಕಿತ್ತು ನೋಡು" ಎಂದು ನಮ್ಮನೆಯವರು ಅವನನ್ನು ನಗಿಸುತ್ತಿದ್ದರು. ಅವನ ಮುಖಕ್ಕೆ ಬಣ್ಣ ಬಂತು. ಕಾಲು ಒಮ್ಮೆಯೂ ಜೋಮು ಹಿಡಿಯಲಿಲ್ಲ.

ಆ ನಡಿಗೆಯ ದಾರಿಯಲ್ಲೇ ತಾಲೀಮಿತ್ತು. ದಾರಿ ತೋರಿಸಿದವಳು ನಾನೇ.

ಮೊದಲ ಮಳೆ ಬಿದ್ದ ವಾರ ಒಂದು ದಿನ ಅವನು ತಲೆಯ ತುಂಬ ಕೆಂಪು ಮಣ್ಣು ಹಾಕಿಸಿಕೊಂಡು ಬಂದ. ಅಂಗಳದಲ್ಲಿ ಪಾತ್ರೆ ತಿಕ್ಕುತ್ತಿದ್ದೆ. ಪಕ್ಕದಲ್ಲೇ ಕುಕ್ಕರುಗಾಲಲ್ಲಿ ಕುಳಿತ.

"ತಾಲೀಮಿನ ಗುರು, ಖಾಸೀಮ ವಸ್ತಾದ, ಒಳಗ ಕರೆದ ಅಕ್ಕ. ಬಾಗಿಲಾಗ ನಿಂತು ನೋಡಾಕತ್ತಿದ್ದೆ. ಅಂಗಿ ತಗೀ ಅಂದ. ನಾ ತಗೀಲಿಲ್ಲ. ಅವನೇ ಬಿಚ್ಚಿದ."

"ಮತ್ತ?"

"ಬೆನ್ನ ಮ್ಯಾಲ ಕೈ ಆಡಿಸಿದ. ಎಲ್ಲಾ ಗಂಟಿನ ಮ್ಯಾಲೂ. ಕೈ ಒರಸಿಕೊಳ್ಳಲಿಲ್ಲ. ದೇವರು ಕೊಟ್ಟ ಮೈ, ನಾಚಿಕಿ ಯಾಕ ಬೇಟಾ ಅಂದ. ತಲಿಗೆ ಮಣ್ಣು ಹಾಕಿದ, ಇನ್ನ ನೀ ನನ್ನ ಹುಡುಗ ಅಂದ." ಕೂದಲಿನ ಮಣ್ಣು ಉದುರಿಸುತ್ತ ಮತ್ತೆ ಹೇಳಿದ: "ಅಲ್ಲಿ ಎಲ್ಲಾರೂ ಮುಟ್ಟತಾರ ಅಕ್ಕ."

ಕುಸ್ತಿ ಬೇಡ ಎಂದು ನಾನು ಹೇಳಬೇಕಿತ್ತು. ಹೇಳಿದೆ ಕೂಡ. ಆದರೆ ಆ ಮಾತು ಕೇಳಿದ ಮೇಲೆ ನನ್ನ ದನಿಯಲ್ಲಿ ಜೋರೇ ಇರಲಿಲ್ಲ. ಬರೀ ದಂಡ ಹೊಡೆಯುತ್ತೇನೆ, ಮರದ ಗದೆಗಳ ಹಗುರ ಜೋಡಿ ತಿರುಗಿಸುತ್ತೇನೆ, ಕುಸ್ತಿಗೆ ಇಳಿಯುವುದಿಲ್ಲ ಎಂದು ನನ್ನ ಕೈ ಮುಟ್ಟಿ ಆಣೆ ಮಾಡಿದ. ವಸ್ತಾದನಿಗೆ ಕಾಲಿನ ವಿಷಯ ಹೇಳು ಎಂದರೆ ಮಾತ್ರ ಜಾರಿಕೊಂಡ. ಅಲ್ಲಿ ಒಬ್ಬರಿಗೊಬ್ಬರು ಮಾಲೀಸು ಮಾಡುತ್ತಾರೆ. ತನ್ನ ಎಡಗಾಲು ಸಣ್ಣಂದಿನಲ್ಲಿ ಉಳುಕಿತ್ತು, ಅದನ್ನು ತಾನೇ ತಿಕ್ಕಿಕೊಳ್ಳುತ್ತೇನೆ ಎಂದು ಸುಳ್ಳು ಹೇಳಿ ತಪ್ಪಿಸಿಕೊಂಡಿದ್ದ. ನಾನೇ ಹೋಗಿ ಹೇಳೋಣವೆಂದರೆ ಆ ಬಾಗಿಲು. ನಮ್ಮನೆಯವರಿಂದ ಹೇಳಿಸೋಣವೆಂದರೆ, "ನೀ ಹೇಳಿಸಿದ ದಿನ ನಾ ಊರಿಗೆ ಹೋಗ್ತೀನಿ" ಎಂದು ಸಿದ್ರಾಮ ಬೆದರಿಸಿದ. ಊರಿಗೆ ಹೋಗುವುದೆಂದರೆ ಈರಪ್ಪನ ಬೇರೆ ಕತ್ತಿಗೆ ಹೋಗುವುದು. ಸುಮ್ಮನಾದೆ.

ಶ್ರಾವಣ ಬಂತು. ಪಂಚಮಿಗೆ ಹೆಣ್ಣುಮಕ್ಕಳನ್ನು ತವರಿಗೆ ಕರೆದೊಯ್ಯಲು ಅಣ್ಣತಮ್ಮಂದಿರು ಬರಬೇಕು. ನನ್ನ ತಮ್ಮ ಮನೆಯಲ್ಲೇ ಇದ್ದ. ಇಬ್ಬರೂ ನಸುಕಿನಲ್ಲಿ ಚಕ್ಕಡಿ ಕಟ್ಟಿಸಿಕೊಂಡು ಹೊರಟೆವು. ದಾರಿಯಿಡೀ ಜಿಟಿಜಿಟಿ ಮಳೆ. ಕರಿಮಣ್ಣು ಗಾಲಿಗೆ ಮೆತ್ತಿ ಎತ್ತುಗಳು ಸೋತವು. ಏರು ಬಂದಾಗಲೆಲ್ಲ ಸಿದ್ರಾಮ ಇಳಿದು ನಡೆದ. ಅವನ ನಡಿಗೆ ನೋಡುತ್ತ ಕುಳಿತಿದ್ದೆ, ಎಷ್ಟು ಚೆಂದ ಹೆಜ್ಜೆ ಹಾಕುತ್ತಿದ್ದ. ಕಮಲಾಪುರದ ಬಾಳೆತೋಟಗಳು ಕಾಣುವ ಹೊತ್ತಿಗೆ ಚಕ್ಕಡಿಯ ಪಕ್ಕ ಬಂದು ಹೇಳಿದ.

"ಪಂಚಮಿ ಮರುದಿನ ಊರಾಗ ಕುಸ್ತಿ ಅವ. ವಸ್ತಾದ ಹುಡುಗರನ್ನ ಕರಕೊಂಡು ಬರ್ತಾನ. ಪಟ್ಟು ಕಲ್ತೀನಿ, ನಾನೂ ಒಂದ ಹಿಡೀತೀನಿ."

"ಆಣಿ ಮಾಡಿದ್ದಿ."

"ಒಂದೇ ಒಂದು ಅಕ್ಕ. ಈ ಊರಿನವರ ಮುಂದ. ಆಮ್ಯಾಲ ಜಲ್ಮದಾಗ ಹಿಡೀಯಂಗಿಲ್ಲ."

ಅಪ್ಪನಿಗೆ ಹೇಳಿ ತಡೆಸಬಹುದಿತ್ತು. ಆದರೆ ಅವನ ಜಾಗದಲ್ಲಿ ನಾನಿದ್ದರೆ ನನಗೂ ಅದೇ ಬೇಕೆನಿಸುತ್ತಿತ್ತು. ತಡೆಯುವ ಬದಲು ನಾನು ಮಾಡಿದ್ದು ಹೆಣ್ಣಿನ ಕೈಗೆ ಸಿಗುವ ಉಪಾಯ. ಪಂಚಮಿಯ ದಿನ ನಮ್ಮಲ್ಲಿ ಸೂಜಿ ಹಿಡಿಯಬಾರದು, ನಾಗಪ್ಪನಿಗೆ ಚುಚ್ಚಿದಂತೆ ಎನ್ನುತ್ತಾರೆ. ಎಲ್ಲರೂ ಹಾಲೆರೆದು ಬಂದು ಜೋಕಾಲಿಗೆ ಹೋದಾಗ ನಾನು ಹಿತ್ತಲಲ್ಲಿ ಕುಳಿತು ಅವನ ಕುಸ್ತಿ ಚಡ್ಡಿಯ ಎಡತೊಡೆಯ ಒಳಮಗ್ಗುಲಿಗೆ ಬಟ್ಟೆಯ ಚೀಲ ಮಾಡಿ ಹತ್ತಿ ತುಂಬಿ ಹೊಲಿದೆ. ಹಿಡಿ ಹತ್ತಿ, ನಾಲ್ಕು ಬೆರಳು ಅಗಲ, ಸರಿಯಾಗಿ ಆ ಗಂಟಿನ ಮೇಲೆ ಕೂರುವ ಹಾಗೆ. ಕದ್ದು ಹೊಲಿದದ್ದರಿಂದ ಅಪ್ಪನಿಗೂ ಹೇಳಲಿಲ್ಲ. ಸಿದ್ರಾಮ ತೊಟ್ಟು ನೋಡಿ ನಕ್ಕ. "ಕೋಟೆ ಕಟ್ಟೀದಂಗ ಕಟ್ಟೀದಿ" ಎಂದ.

ಮರುದಿನ ಕುಸ್ತಿ ನಮ್ಮ ಮನೆಯ ಹಿಂದಿನ ಬಯಲಲ್ಲೇ. ನಾವು ಹೆಂಗಸರು ಮಾಳಿಗೆಯ ಮೇಲೆ ಕುಂಬಿ ಗೋಡೆಯ ಮರೆಯಲ್ಲಿ ನಿಂತು ನೋಡಿದೆವು. ಹಲಗೆ ಬಡಿತದಲ್ಲಿ ಪಕ್ಕದವಳ ಮಾತೂ ಕೇಳುತ್ತಿರಲಿಲ್ಲ. ಖಾಸೀಮ ವಸ್ತಾದನನ್ನು ನಾನು ಕಂಡದ್ದು ಅವತ್ತೇ ಮೊದಲು. ಗಿಡ್ಡ ಆಳು, ಕುಸ್ತಿಯ ಪೆಟ್ಟಿಗೆ ಎರಡೂ ಕಿವಿ ಮುದುಡಿ ಹೋಗಿದ್ದವು. ಸಿದ್ರಾಮ ಅಂಗಿ ಬಿಚ್ಚಿ ಅಖಾಡಕ್ಕೆ ಇಳಿದಾಗ ಜನ ಗುಜುಗುಜು ಎಂದರು. ಎದುರಾಳಿ ಪಕ್ಕದ ಹಳ್ಳಿಯವನು. ಅವನ ಕಡೆಯವರು ಬಂದು, ಪದ್ಧತಿಯಂತೆ, ಮಂತ್ರಿಸಿದ ದಾರ, ತಾಯಿತ ಏನಾದರೂ ಕಟ್ಟಿಕೊಂಡಿದ್ದಾನೆಯೇ ಎಂದು ಸಿದ್ರಾಮನ ಸೊಂಟ ತಡವಿದರು. ತೊಡೆ ತಡವಿದರು. ತಡವಿದವನ ಕೈ ನಿಂತಿತು. "ಮಾಟ ಕಟ್ಟಿಸಿಕೊಂಡು ಬಂದಾನ!" ಎಂದು ಅವನು ಕೂಗಿದ್ದು ಹಲಗೆಯನ್ನೂ ಮೀರಿ ನಮ್ಮ ಮಾಳಿಗೆಗೆ ಕೇಳಿಸಿತು.

ಆಗ ಹಲಗೆ ನಿಂತಿತು. ತಾಯಿತ ಕಟ್ಟಿದ್ದಕ್ಕೆ ವಸ್ತಾದ ಇಬ್ಬರನ್ನು ತಾಲೀಮಿನಿಂದ ಓಡಿಸಿದ್ದನೆಂದು ಸಿದ್ರಾಮನೇ ನನಗೆ ಹೇಳಿದ್ದ. ಆ ಮನುಷ್ಯ ನಡೆದು ಬಂದು "ಕ್ಯಾ ಹೈ ಯೇ? ಏನಿದು ಸಿದ್ರಾಮ?" ಎಂದು ಕೇಳಿದ. ಊರೆಲ್ಲ ಕಾಯುತ್ತಿತ್ತು. ಹತ್ತಿ ಎಂದರೆ ಯಾಕೆ ಹತ್ತಿ ಎನ್ನುತ್ತಾರೆ. ಒಳಗೊಂದು ನೋವಿನ ಗಂಟಿದೆ ಎಂದರೆ ಎದುರಾಳಿ ಮುಟ್ಟುವುದಿಲ್ಲ. ಸಿದ್ರಾಮ ತಲೆಯೆತ್ತಿ ನಮ್ಮ ಮಾಳಿಗೆಯ ಕಡೆ ಒಮ್ಮೆ ನೋಡಿದ, ನೋಡಿ ಮುಖ ತಿರುಗಿಸಿದ.

ಅದು ಹತ್ತಿ ರೀ ವಸ್ತಾದರೇ, ನಾನೇ ಹೊಲಿದೀನಿ, ಎಂದು ಕೂಗಬೇಕಿತ್ತು. ಹಲಗೆ ನಿಂತಿತ್ತು, ಕೂಗಿದರೆ ಕೇಳಿಸುತ್ತಿತ್ತು. ಯಾರೂ ನನ್ನ ಬಾಯಿ ಮುಚ್ಚಲಿಲ್ಲ, ಸೆರಗು ಹಿಡಿದು ಜಗ್ಗಲಿಲ್ಲ. ಬಯಲ ತುಂಬ ಗಂಡಸರು, ಮುಂದೆ ಅಪ್ಪ ಕುಳಿತಿದ್ದ, ಸೂಜಿ ಹಿಡಿದದ್ದು ಪಂಚಮಿಯ ದಿನ. ಊರಿಗೆಲ್ಲ ಬುದ್ಧಿ ಹೇಳುವ ಈ ನಾಲಿಗೆ ಅವತ್ತೊಂದು ದಿನ ಏಳಲಿಲ್ಲ.

ವಸ್ತಾದ ಬಗ್ಗಿ ಚಡ್ಡಿಯ ಅಂಚಿಗೆ ಬೆರಳು ಹಾಕಿ ಹರ್ ಎಂದು ನನ್ನ ಹೊಲಿಗೆ ಕಿತ್ತ. ಹತ್ತಿಯ ಚೀಲವನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, "ಈಗ ನಿನ್ನ ತಾಕತ್ತಿನ ಮ್ಯಾಲೆ ಆಡು" ಎಂದ. ಅವನ ಮುಖದಲ್ಲಿ ಸಿಟ್ಟಿಗಿಂತ ನೋವೇ ಹೆಚ್ಚಿತ್ತು.

ಸಿದ್ರಾಮ ಗೆದ್ದ. ನಾನು ಸುಳ್ಳು ಹೇಳುತ್ತಿಲ್ಲ, ನೋಡಿದವರು ಈಗಲೂ ಇದ್ದಾರೆ. ನಡುವೆ ಒಮ್ಮೆ ಎದುರಾಳಿಯ ಹಿಮ್ಮಡಿ ಅವನ ತೊಡೆಯ ಹಿಂದಕ್ಕೆ ಬಡಿದಾಗ ಕಣ್ಣು ಮುಚ್ಚಿಕೊಂಡ, ಅಷ್ಟೇ. ಆಮೇಲೆ ಏನು ಹಿಡಿತವೋ ಏನೋ, ಆ ಹುಡುಗ ಬೆನ್ನ ಮೇಲೆ ಬಿದ್ದಿದ್ದ. ಬಯಲು ಎದ್ದು ನಿಂತಿತು. ಬಾವಿಯಿಂದ ಎದ್ದು ಬರುತ್ತಿದ್ದ ಅದೇ ಹುಡುಗರು ಓಡಿ ಬಂದು ಅವನನ್ನು ಹೆಗಲ ಮೇಲೆ ಎತ್ತಿಕೊಂಡರು. ಈರಪ್ಪನೂ ಬಂದ. ಜಾರದ ಹಾಗೆ ಎರಡೂ ತೊಡೆಗಳನ್ನು ಹಿಂದಿನಿಂದ ಬಿಗಿಯಾಗಿ ಅವುಚಿ ಹಿಡಿದು ಕುಣಿಸಿದರು. ಹಲಗೆ ಮತ್ತೆ ಶುರುವಾಯಿತು. ನಮ್ಮ ಓಣಿ, ಸಂತೆಕಟ್ಟೆ, ತೋಟದ ದಾರಿ, ಊರು ಪೂರಾ ಸುತ್ತಿಸಿದರು. ನಮ್ಮ ಬಾಗಿಲಿಗೆ ಬಂದಾಗ ನಾನು ಆರತಿ ಹಿಡಿದು ನಿಂತಿದ್ದೆ. ಅವನು ನಗುತ್ತಿದ್ದ, ಮುಖ ಸುಣ್ಣದ ಹಾಗಿತ್ತು. ಎಡಪಾದ ಕೆಳಗೆ ಜೋತು ಬಿದ್ದಿತ್ತು, ಹಲಗೆಯ ಪೆಟ್ಟಿಗೆ ಅಲ್ಲಾಡುತ್ತಿತ್ತು. "ಇಳಸ್ರಿ, ಅವನ್ನ ಇಳಸ್ರಿ" ಎಂದು ಅವಾಗ ಕೂಗಿದೆ. ಅಕ್ಕನಿಗೆ ಹಿಗ್ಗು ತಡೆಯಲಾಗಿಲ್ಲ ಎಂದುಕೊಂಡು ಅವರು ಇನ್ನೊಂದು ಸುತ್ತು ಕುಣಿದರು.

ಇಳಿಸಿದ ಮೇಲೆ ಅವನು ಹೆಜ್ಜೆ ಇಟ್ಟ. ಎಡಪಾದ ಮೇಲೇಳಲಿಲ್ಲ, ನೆಲ ಕೆರೆದುಕೊಂಡು ಬಂತು. ತೊಡೆ ಸಂಜೆಯೊಳಗೆ ಬಾತು ಕಪ್ಪಾಯಿತು.

"ಇಳಸ್ರಿ ಅಂತ ನೀ ಯಾಕ ಅನ್ನಲಿಲ್ಲೋ?" ಎಂದು ಅಳುತ್ತ ಕೇಳಿದೆ.

"ಹೆಂಗ ಅನ್ನಲಿ ಅಕ್ಕ" ಎಂದ.

ಮರುದಿನ ಮುಂಜಾನೆ ವಸ್ತಾದ ನಮ್ಮ ಮನೆಯ ಕಟ್ಟೆಯ ಮೇಲೆ ಬಂದು ಕುಳಿತ. ಒಳಗೆ ಬಾ ಎಂದರೆ ಬರಲಿಲ್ಲ. ನಾನು ಬಾಗಿಲ ಹಿಂದೆ ನಿಂತೆ. ಅವನ ಅಂಗೈಯಲ್ಲಿ ನನ್ನ ಚೀಲ ಬಿಚ್ಚಿಕೊಂಡು ಬಿದ್ದಿತ್ತು.

"ಒಳಗ ಮಂತ್ರದ ಚೀಟಿ ಇರತದ ಅಂತ ಬಿಚ್ಚಿದೆ ಬೇಟಿ" ಎಂದ. "ಎಲ್ಲಾ ಹಿಂಜಿ ನೋಡಿದೆ. ಬರೇ ಹತ್ತಿ."

"ಹೌದ್ರೀ. ಬರೇ ಹತ್ತಿ."

ಬಾಗಿಲ ಸಂದಿಯಿಂದಲೇ ಎಲ್ಲ ಹೇಳಿದೆ, ಗಂಟು, ನರ, ಡಾಕ್ಟರ ಸಾಹೇಬರು ಹೇಳಿದ್ದು. ಒಂದೂ ಬಿಡದೆ, ಎರಡು ತಿಂಗಳು ತಡವಾಗಿ. ಅಷ್ಟು ಗಟ್ಟಿ ಮನುಷ್ಯ ಮುದುಡಿದ ಕಿವಿಗಳನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಕುಳಿತಿದ್ದ. "ನನಗ ಒಂದು ಮಾತು ಹೇಳಬಾರದಿತ್ತಾ?" ಎಂದು ಕೇಳಿದ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಗುಲಬರ್ಗಾದಲ್ಲಿ ಡಾಕ್ಟರ ಸಾಹೇಬರು ಬಹಳ ಹೊತ್ತು ನೋಡಿದರು. ಗಂಟಿನೊಳಗೆ ರಕ್ತ ಇಳಿದು ನರ ಜಜ್ಜಿಹೋಗಿದೆ, ಬಾವು ಇಳಿಯುವ ತನಕ ಮಲಗಲಿ, ಕಾಲು ತಿರುಗಿ ಬಂದರೆ ಬಂತು ಎಂದರು. ಬಾವು ಇಳಿಯಿತು. ಕಾಲು ಬರಲಿಲ್ಲ.

ಮಹಾನವಮಿಯ ಹೊತ್ತಿಗೆ ಬಡಿಗೆ ಊರಿಕೊಂಡು ಅವನು ಮತ್ತೆ ತಾಲೀಮಿಗೆ ಹೋದ. ವಸ್ತಾದನೇ ಬಂದು ಕರೆದೊಯ್ದ. ಈಗ ಎಲ್ಲವೂ ಡಾಕ್ಟರು ಹೇಳಿದ ಪ್ರಕಾರವೇ ನಡೆಯಿತು. ಕುಳಿತಲ್ಲೇ ಹಗುರ ಜೋಡಿ ತಿರುಗಿಸುವುದು, ದಣಿವಾದರೆ ನಿಲ್ಲಿಸುವುದು. ಬಿಸಿಲೇರಿದ ಮೇಲೆ ಬಾವಿಯಲ್ಲಿ ಈಜು, ವಸ್ತಾದ ಮೆಟ್ಟಿಲ ಮೇಲೆ ಕುಳಿತು ಕಾಯುತ್ತಿದ್ದ. ಸಿದ್ರಾಮನ ಮೈಗೆ ಯಾರ ಕೈಯೂ ಸೋಕಕೂಡದು, ಸೋಕಿದವನನ್ನು ಹೊರಗೆ ಹಾಕುತ್ತೇನೆ ಎಂದು ಅವನು ಎಲ್ಲರಿಗೂ ಕಟ್ಟಪ್ಪಣೆ ಮಾಡಿದ್ದ. ನಾನು ಹರಕೆ ಹೊತ್ತು ಬೇಡಿದ್ದೆಲ್ಲ ನಡೆಯಿತು.

"ಹೆಂಗದ ಈಗ ತಾಲೀಮು?" ಎಂದು ಕೇಳಿದೆ.

"ಎಲ್ಲಾರೂ ಎರಡು ಮಾರು ದೂರ ನಿಂತು ಮಾತಾಡಸ್ತಾರ ಅಕ್ಕ" ಎಂದ. "ಛಲೋ ಮಾತಾಡಸ್ತಾರ."

ದೀಪಾವಳಿ ಬಂತು. ನೀರು ಕಾಯಿಸಿ, ಮಣೆ ಹಾಕಿ, ಅವನಿಗೆ ಎಣ್ಣೆ ಹಚ್ಚಲು ಕುಳಿತೆ. ನೆತ್ತಿ, ತೋಳು, ಬೆನ್ನು. ಎಡತೊಡೆಗೆ ಬಂದಾಗ ನನ್ನ ಕೈ ರೂಢಿಯಂತೆ ಆ ಜಾಗವನ್ನು ಬಳಸಿಕೊಂಡು ಕೆಳಗೆ ಹೋಯಿತು. ಸಿದ್ರಾಮ ನನ್ನ ಮಣಿಕಟ್ಟು ಹಿಡಿದು ಮೇಲಕ್ಕೆ ತಂದು ಅಲ್ಲೇ ಇಟ್ಟ.

"ಒತ್ತಕ್ಕ" ಎಂದ. "ಹೆದರಬ್ಯಾಡ, ಒತ್ತು."

ಒತ್ತಿದೆ. ಎರಡೂ ಹೆಬ್ಬೆರಳು ಊರಿ ಒತ್ತಿದೆ. ಪಾದದ ಮಟ ಬೆಂಕಿ ಹರಿಯಲಿ, ಚೀರಲಿ, ನನ್ನ ಕೈ ಕಿತ್ತೊಗೆಯಲಿ ಎಂದು ಅವನ ಮುಖವನ್ನೇ ನೋಡಿದೆ. ಅವನು ಒಲೆಯ ಕಡೆ ನೋಡುತ್ತ, ನಾನು ಒತ್ತುತ್ತೇನೆಂದು ಇನ್ನೂ ಕಾಯುತ್ತ ಕುಳಿತಿದ್ದ.